ಉಗಿಯ ಹಂಡೆಯೂ ಸರಕಾರದ ಶಾಸನವೂ: ಅಮೆರಿಕದ ಚರಿತ್ರೆಯ ಒಂದು ಪ್ರಕರಣ

ಒಬ್ಬನು ತನ್ನ ಸ್ವಂತ ಹಣವನ್ನು ವೆಚ್ಚಮಾಡಿ ಒಂದು ಯಂತ್ರವನ್ನು ಕಟ್ಟಿಸುತ್ತಾನೆ. ತಾನೇ ಆಳುಗಳನ್ನಿಟ್ಟು ಅದನ್ನು ನಡೆಯಿಸುತ್ತಾನೆ. ಲಾಭವಾದರೂ ನಷ್ಟವಾದರೂ ಅದು ಅವನದೇ. ಇಂತಹ ಯಂತ್ರವು ಹೀಗಿರಬೇಕು, ಹೀಗಿರಬಾರದು ಎಂದು ವಿಧಿಸುವುದಕ್ಕೆ ಸರಕಾರಕ್ಕೆ ಅಧಿಕಾರವುಂಟೆ? ಉಂಟೆಂದಾದರೆ ಆ ಅಧಿಕಾರಕ್ಕೆ ಮೇರೆ ಯಾವುದು? ಪರವಾನಗಿಯಿಲ್ಲದೆ ಮೋಟಾರು ಗಾಡಿಯನ್ನು ಬೀದಿಗೆ ತರಲಾಗದ ನಮ್ಮ ಕಾಲದಲ್ಲಿ ಈ ಪ್ರಶ್ನೆಯು ವಾಚಕರಿಗೆ ಅನಾವಶ್ಯಕವೆಂದು ತೋರಬಹುದು. ಆದರೆ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಜನರಿಗೆ ಇದು ಹಿಂದೆ ಯಾರೂ ಕೇಳದಿದ್ದ ಹೊಸ ಪ್ರಶ್ನೆಯಾಗಿದ್ದಿತು. ಇದಕ್ಕೆ ಒಂದು ಉತ್ತರವನ್ನು ಕಂಡುಕೊಳ್ಳುವುದಕ್ಕೆ ಅವರಿಗೆ ಸುಮಾರು ಮೂವತ್ತು ವರ್ಷಗಳು ಹಿಡಿದುವು. ಸಾವಿರಾರು ಜನರ ಪ್ರಾಣವೂ ಹೋಯಿತು. ಆ ವೃತ್ತಾಂತವನ್ನು ಸಂಗ್ರಹವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

೧೮೦೭ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ರಾಬರ್ಟ್ ಫುಲ್ಟನ್ ಎಂಬವನು ಹಡ್ಸನ್ ನದಿಯ ಮೇಲೆ ನ್ಯೂಯಾರ್ಕಿನಿಂದ ಆಲ್ಬನಿ ಪಟ್ಟಣದವರೆಗೆ, ಎಂದರೆ ಸುಮಾರು ೧೫೦ ಮೈಲಿಗಳ ದೂರ, ತನ್ನ ಉಗಿಹಡಗನ್ನು ನಡೆಯಿಸಿ ತೋರಿಸಿದನು. ಪ್ರವಾಹಕ್ಕೆ ಎದುರಾಗಿ ಸಾಗಿದ ಆ ಪ್ರಯಾಣದಲ್ಲಿ ಹಡಗು ನಡೆದ ಕಾಲವು ೩೨ ಗಂಟೆಗಳು. ನ್ಯೂಯಾರ್ಕ್ ಸಂಸ್ಥಾನದ ಸರಕಾರವು ತನ್ನ ನೀರಿನಲ್ಲಿ ಉಗಿಹಡಗುಗಳನ್ನು ನಡೆಯಿಸುವ ಏಕಸ್ವಾಮ್ಯವನ್ನು ಫುಲ್ಟನನಿಗೂ ಅವನ ಸಹಕಾರಿಯಾದ ಲಿವಿಂಗ್‌ಸ್ಟನನಿಗೂ ಕೊಟ್ಟಿದ್ದಿತು. ಈ ಏಕಸ್ವಾಮ್ಯದ ವಿಷಯವಾಗಿ ಎದ್ದ ವ್ಯಾಜ್ಯವು ಸರ್ವೋಚ್ಚ ನ್ಯಾಯಸ್ಥಾನದವರೆಗೆ ಹೋಯಿತು. ೧೮೨೪ರಲ್ಲಿ ಮುಖ್ಯ ನ್ಯಾಯಾಧಿಪತಿಯಾದ ಜಾನ್ ಮಾರ್ಷಲನು, ಸಂಸ್ಥಾನ ಸಂಸ್ಥಾನಗಳ ನಡುವಣ ವಾಣಿಜ್ಯವನ್ನು ನಿಯಮಿಸುವ ಅಧಿಕಾರವು ಕಾಂಗ್ರೆಸ್ಸಿನದೆಂದೂ, ವಾಣಿಜ್ಯವೆಂಬುದರಲ್ಲಿ ನೌಕಾಯಾನವೂ ಅಡಗಿರುವುದೆಂದೂ ತೀರ್ಪಿತ್ತನು. ಇದರಿಂದ ಏಕಸ್ವಾಮ್ಯವು ಮುರಿದು, ಜಲಮಾರ್ಗಗಳು ಎಲ್ಲರಿಗೂ ತೆರೆದುವು. ಹಡಗಿನ ಒಡೆಯರು ಇದನ್ನು ಸ್ವಾತಂತ್ರ್ಯದ ಶಾಸನವೆಂದು ಕೊಂಡಾಡಿದರು. ತಮ್ಮ ಕಟ್ಟನ್ನು ಬಿಚ್ಚಿದ ಆ ಅಧಿಕಾರವೇ ಮುಂದೆ ತಮಗೆ ಕಡಿವಾಣವನ್ನು ಹಾಕಬಲ್ಲುದೆಂಬುದನ್ನು ಅವರು ಆಗ ಯೋಚಿಸಿದಂತಿಲ್ಲ.

ಇಷ್ಟರಲ್ಲಿ ಉಗಿಹಡಗು ಪಶ್ಚಿಮದ ನದಿಗಳಿಗೂ ಇಳಿದಿದ್ದಿತು. ೧೮೧೧ರಲ್ಲಿ ಪಿಟ್ಸ್‌ಬರ್ಗಿನಿಂದ ಹೊರಟ ‘ನ್ಯೂ ಆರ್ಲಿಯನ್ಸ್’ ಎಂಬ ಹಡಗು ಓಹಿಯೋ, ಮಿಸ್ಸಿಸ್ಸಿಪ್ಪಿ ನದಿಗಳ ಮೇಲೆ ಸಾಗಿ ಮರುವರ್ಷದ ಆದಿಯಲ್ಲಿ ಸಮುದ್ರದ ಬಳಿಯ ಅದೇ ಹೆಸರಿನ ಪಟ್ಟಣವನ್ನು ಸೇರಿತು. ರಸ್ತೆಗಳಿಲ್ಲದ ಆ ವಿಶಾಲ ಪ್ರದೇಶಕ್ಕೆ ನದಿಯೇ ರಾಜಮಾರ್ಗ. ಪೂರ್ವತೀರದ ಹಡಗುಗಳಲ್ಲಿ ಹೆಚ್ಚಾಗಿ ಜೇಮ್ಸ್ ವಾಟನ ಮಾದರಿಯ, ಕಡಿಮೆ ಒತ್ತಡದ ಯಂತ್ರಗಳಿದ್ದುವು. ಪಶ್ಚಿಮದವರಾದರೋ ಆಲಿವರ್ ಇವಾನ್ಸನು ಪ್ರಚಾರಕ್ಕೆ ತಂದ ಅಧಿಕ ಒತ್ತಡದ ಯಂತ್ರವನ್ನೇ ಮೆಚ್ಚಿದರು. ಅದು ಹಗುರವಾದುದು, ಅಗ್ಗವಾದುದು. ಆಳವಿಲ್ಲದ ನೀರಿನಲ್ಲಿ ತೇಲಬೇಕಾದ ಹಡಗಿಗೆ, ಸೆಳವಿಗೆ ಎದುರಾಗಿ ಈಜಬೇಕಾದ ಹಡಗಿಗೆ ತಕ್ಕುದು. ಆದರೆ ಉಗಿಯ ಒತ್ತಡವು ಹೆಚ್ಚಿದಷ್ಟೂ ನೀರು ಕಾಯುವ ಕಬ್ಬಿಣದ ಹಂಡೆಯು, ಎಂದರೆ ಬಾಯ್ಲರು, ಗಟ್ಟಿಯಾಗಿರಬೇಕಷ್ಟೆ. ತಗಡು ತೆಳ್ಳಗಾಗಿದ್ದರೆ, ಅದರಲ್ಲಿ ಸೀಳು ಇದ್ದರೆ, ನದಿಯ ಕೆಸರುನೀರಿನಿಂದ ಒಳಗೆ ಮಣ್ಣು ಹೆಪ್ಪುಗಟ್ಟಿದರೆ, ಹಂಡೆಯಲ್ಲಿ ನೀರು ಇಳಿದುಹೋದುದನ್ನು ಯಂತ್ರದವನು ಗಮನಿಸದಿದ್ದರೆ, ಅಪಾಯವು ತಪ್ಪದು. ಹೆಚ್ಚಾದ ಉಗಿಯು ತಾನಾಗಿಯೇ ಹೊರಬೀಳಲೆಂದು ಹಂಡೆಯ ಮೇಲೆ ಭಾರವಿಟ್ಟ ಒಂದು ಸುರಕ್ಷಾ ಕವಾಟವಿರುತ್ತಿದ್ದಿತು. ಎದುರಾಳಿಯ ಹಡಗನ್ನು ಹಿಂದೆ ಹಾಕಬೇಕೆಂಬ ಛಲ ಹುಟ್ಟಿದಾಗ ಆ ಕವಾಟದ ಮೇಲೆ ಇನ್ನಷ್ಟು ಭಾರವನ್ನು ಹೇರಿ ಉಗಿಯನ್ನು ಒಳಗೇ ಅದುಮಿಡುವುದು ನಡೆದಿತ್ತು.

೧೮೨೪ರ ಮೇ ತಿಂಗಳಿನಲ್ಲಿ ನ್ಯೂಯಾರ್ಕಿನ ಬಂದರಿನಲ್ಲಿ ‘ಏಟ್ನಾ’ ಎಂಬ ಹಡಗಿನ ಹಂಡೆಯು ಸಿಡಿದು ಹಲವರು ಸತ್ತರು. ಕಾಂಗ್ರೆಸ್ಸಿನಲ್ಲಿ ವಿಚಾರಣೆಯ ಮಾತು ಹುಟ್ಟಿತು. ಮಾತು ಮಾತಾಗಿಯೇ ಉಳಿಯಿತು. ೧೮೩೦ರ ಫೆಬ್ರವರಿಯಲ್ಲಿ ಮೆಂಫಿಸ್ ಪಟ್ಟಣದಲ್ಲಿ ‘ಹೆಲೆನ್ ಮೆಕ್‌ಗ್ರೆಗರ್’ ಹಡಗು ಸಿಡಿದಾಗ ಹಲವು ಹತ್ತು ಮಂದಿ ಬೆಂದುಹೋದರು. ಆದರೂ ಶಾಸನವಾಗಲಿಲ್ಲ. ಕಾರಣವು ಕೇವಲ ಔದಾಸೀನ್ಯವೆಂದು ಹೇಳಿದರೆ ಆ ಕಾಲದವರಿಗೆ ಅನ್ಯಾಯವಾದೀತು. ತನ್ನ ಹಡಗು ಹಾಳಾಗಲೆಂದು ಬಯಸುವ ಒಡೆಯನು ಯಾರು? ಅವನ ಸ್ವಾರ್ಥವೇ ಪ್ರಯಾಣಿಕರಿಗೆ ರಕ್ಷೆಯಲ್ಲವೆ? ತಪ್ಪಿ ನಡೆದವನನ್ನು ಶಿಕ್ಷಿಸಲು ನ್ಯಾಯಾಲಯಗಳಿಲ್ಲವೆ? ಎಂಬುದು ಒಂದು ವಾದ. ಇದಕ್ಕಿಂತಲೂ ಬಲವಾದ ಇನ್ನೊಂದು ಮಾತಿದ್ದಿತು: ಹಂಡೆಗಳು ಏತಕ್ಕೆ ಸಿಡಿಯುವುವೆಂಬುದೇ ಖಚಿತವಾಗಿ ಯಾರಿಗೂ ಗೊತ್ತಿಲ್ಲದಿರುವಾಗ ಸರಕಾರವು ಏನೆಂದು ವಿಧಿಸೀತು? ಕೆಂಪಗೆ ಕಾದ ಕಬ್ಬಿಣದ ಮೇಲೆ ನೀರು ಬಿದ್ದು ಜಲಜನಕ ವಾಯುವು ಹುಟ್ಟಿ ಹೊತ್ತಿಕೊಳ್ಳುವುದೆಂದು ಕೆಲವರು, ವಿದ್ಯುತ್ತಿನ ಪ್ರಭಾವವೆಂದು ಮತ್ತೆ ಕೆಲವರು ಹೇಳುತ್ತಿದ್ದರು. ರೋಗವೇ ತಿಳಿಯದಿರುವಾಗ ಮದ್ದನ್ನು ಕೊಡುವ ವೈದ್ಯನನ್ನು ನಂಬುವವರಾರು?

ಈ ಕತ್ತಲೆಗೆ ಮೊದಲು ದೀಪವನ್ನು ಹಿಡಿದುದು ಫಿಲಡೆಲ್ಫಿಯಾ ನಗರದ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟ್ ಎಂಬ ವಿದ್ವತ್ಸಂಸ್ಥೆ. ೧೮೨೪ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯು ೧೮೩೦ರಲ್ಲಿ ಹಂಡೆಗಳ ಸಿಡಿತವನ್ನು ವಿಚಾರಿಸಲು ಒಂದು ಸಮಿತಿಯನ್ನು ನಿಯಮಿಸಿತು. ಹಣಕಾಸಿನ ಕಾರ್ಯದರ್ಶಿಯಾಗಿದ್ದ ಸ್ಯಾಮ್ಯುಯೆಲ್ ಇಂಗಮನು ಇದನ್ನು ಕೇಳಿ ಪ್ರಯೋಗಗಳ ವೆಚ್ಚಕ್ಕೆ ಸರಕಾರದ ಬೊಕ್ಕಸದಿಂದ ಹಣವನ್ನು ಕೊಡಿಸಿದನು. ಆ ದೇಶದ ಸರಕಾರವು ವೈಜ್ಞಾನಿಕ ಪ್ರಯೋಗಗಳಿಗಾಗಿ ಕೊಟ್ಟ ಮೊದಲನೆಯ ದ್ರವ್ಯಸಹಾಯವು ಇದೇ ಎಂದು ಚರಿತ್ರಕಾರರು ಹೇಳುವರು. ಸಮಿತಿಯ ಮುಂದಾಳು ಬೆಂಜಮಿನ್ ಫ್ರಾಂಕ್ಲಿನನ ಮರಿಮಗನಾದ ಅಲೆಗ್ಸಾಂಡರ್ ಡಲ್ಲಾಸ್ ಬೇಚ್. ಒಂದು ಅಡಿ ಅಡ್ಡಳತೆಯ ಚಿಕ್ಕ ಹಂಡೆಯೊಂದನ್ನು ಮಾಡಿಸಿ, ಒಳಗಿನ ನೀರಿನ ಆಟವು ಕಾಣುವಂತೆ ಅದಕ್ಕೆ ಗಾಜಿನ ಕಿಂಡಿಗಳನ್ನಿಡಿಸಿ, ಇವರು ಊಹೆಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಕಾದ ಕಬ್ಬಿಣದ ಮೇಲೆ ನೀರೆರೆದರು. ಜಲಜನಕದ ಕಥೆಯು ಸುಳ್ಳಾಯಿತು. ಲೋಹದ ತಗಡುಗಳನ್ನು ಕಾಯಿಸಿ ಎಳೆದು ನೋಡಿದರು. ಒಂದು ಮಿತಿಯನ್ನು ಮೀರಿ ಕಾದ ಲೋಹವು ಬಲಗುಂದುವುದೆಂಬುದು ಅಂಕೆಸಂಖ್ಯೆಗಳಿಂದ ಸಿದ್ಧವಾಯಿತು. ಒತ್ತಡವು ಮೆಲ್ಲಮೆಲ್ಲನೆ ಏರಿದರೂ ಹಂಡೆಯು ಅತ್ಯಂತ ಭಯಂಕರವಾಗಿ ಸಿಡಿಯಬಲ್ಲುದೆಂದು ತೋರಿಸಿದರು. ೧೮೩೬ರಲ್ಲಿ ಇವರ ವರದಿಯು ಪ್ರಕಟವಾಯಿತು. ಸಿಡಿತವು ದೈವದ ಕೋಪವಲ್ಲ, ಪ್ರಕೃತಿಯ ಗೂಢವೂ ಅಲ್ಲ. ಕೆಟ್ಟ ತಗಡು, ಕೆಟ್ಟ ಕೆಲಸ, ಅಜಾಗ್ರತೆ ಇವುಗಳ ಫಲ ಎಂಬುದು ಅದರ ಸಾರ. ನಿಯತಕಾಲಕ್ಕೆ ಹಂಡೆಗಳ ಪರೀಕ್ಷೆಯಾಗಬೇಕೆಂದು ಅವರು ಶಾಸನದ ಒಂದು ಕರಡನ್ನೂ ಸೂಚಿಸಿದರು. ಜ್ಞಾನವು ಸಿದ್ಧವಾಗಿದ್ದಿತು, ಅದನ್ನು ಕೈಕೊಳ್ಳುವವರು ಬೇಕಾಗಿದ್ದರು.

ಅಧ್ಯಕ್ಷನಾದ ಆಂಡ್ರೂ ಜಾಕ್ಸನನು ೧೮೩೩ರ ಡಿಸೆಂಬರಿನ ತನ್ನ ವಾರ್ಷಿಕ ಸಂದೇಶದಲ್ಲಿಯೇ ಈ ಅನಾಹುತಗಳ ಕಡೆಗೆ ಕಾಂಗ್ರೆಸ್ಸಿನ ಗಮನವನ್ನು ಸೆಳೆದಿದ್ದನು. ಆದರೆ ಸಭೆಯನ್ನು ಕದಲಿಸಿದುದು ಸಂದೇಶವಲ್ಲ, ಶವಗಳು. ೧೮೩೮ರ ಏಪ್ರಿಲ್ ೨೫ರಂದು ಸಿನ್ಸಿನ್ನಾಟಿ ಪಟ್ಟಣದಲ್ಲಿ, ವೇಗಕ್ಕೆ ಹೆಸರಾಗಿದ್ದ ‘ಮೊಸೆಲ್’ ಎಂಬ ಹೊಸ ಹಡಗು ದಡವನ್ನು ಬಿಟ್ಟೊಡನೆಯೇ ಸಿಡಿದು ನೂರಕ್ಕೂ ಹೆಚ್ಚು ಜನರು ಮಡಿದರು. ಜೂನ್ ತಿಂಗಳಿನಲ್ಲಿ ಉತ್ತರ ಕ್ಯಾರೊಲೈನದ ಕರಾವಳಿಯ ಆಚೆ ‘ಪುಲಾಸ್ಕಿ’ಯು ಸಿಡಿದು ಮುಳುಗಿತು. ಜುಲೈ ೭ರಂದು ಮೊದಲನೆಯ ಶಾಸನವು ಜಾರಿಗೆ ಬಂದಿತು.

ಈ ಶಾಸನದಲ್ಲಿ ಸದುದ್ದೇಶಕ್ಕೆ ಕೊರತೆಯಿರಲಿಲ್ಲ. ವರ್ಷಕ್ಕೊಮ್ಮೆ ಹಡಗಿನ ಒಡಲನ್ನೂ ಆರು ತಿಂಗಳಿಗೊಮ್ಮೆ ಹಂಡೆಯನ್ನೂ ಪರೀಕ್ಷಿಸಬೇಕು. ಅಜಾಗ್ರತೆಯಿಂದ ಪ್ರಾಣಹಾನಿಯಾದರೆ ಹೊಣೆಗಾರರನ್ನು ಶಿಕ್ಷಿಸಬೇಕು. ಹಂಡೆಯು ಸಿಡಿದರೆ ಅದೇ ಅಜಾಗ್ರತೆಗೆ ಮೇಲ್ನೋಟದ ಸಾಕ್ಷ್ಯವೆಂದು ಎಣಿಸಬೇಕು. ಆದರೆ ಹೇಗೆ ಪರೀಕ್ಷಿಸಬೇಕೆಂಬುದನ್ನು ಶಾಸನವು ಹೇಳಲೇ ಇಲ್ಲ. ತಗಡಿನ ದಪ್ಪವೆಷ್ಟು, ಒತ್ತಡದ ಮಿತಿಯೆಷ್ಟು ಎಂಬ ಮಾತು ಅದರಲ್ಲಿರಲಿಲ್ಲ. ಕುಶಲರಾದ ಯಂತ್ರಜ್ಞರನ್ನಿಡಬೇಕೆಂದು ವಿಧಿಸಿತು. ಕುಶಲನೆಂದರೆ ಯಾರೆಂಬುದನ್ನು ವಿವರಿಸಲಿಲ್ಲ. ಒಡೆಯನು ಅರ್ಜಿ ಹಾಕಿದಾಗ ಜಿಲ್ಲೆಯ ನ್ಯಾಯಾಧೀಶನು ಪರೀಕ್ಷಕನನ್ನು ನೇಮಿಸಬೇಕು. ಒಂದೊಂದು ಪರೀಕ್ಷೆಗೆ ಐದು ಡಾಲರುಗಳ ಶುಲ್ಕವನ್ನು ಆ ಒಡೆಯನೇ ಅವನಿಗೆ ತೆರಬೇಕು. ಅನ್ನವನ್ನಿಕ್ಕುವವನ ಹಂಡೆಯಲ್ಲಿ ತೂತನ್ನು ಕಾಣುವ ಕಣ್ಣು ಎಷ್ಟು ಜನರಿಗಿದ್ದೀತು? ಎರಡೇ ವರ್ಷಗಳ ಹಿಂದೆ ಅಚ್ಚಾದ ವಿದ್ವಾಂಸರ ವರದಿಯು ಹೀಗೆ ಕಪಾಟಿನಲ್ಲಿಯೇ ಉಳಿಯಿತು.

ಫಲವನ್ನು ಅಂಕೆಗಳೇ ಹೇಳುವುವು. ಪೇಟೆಂಟು ಇಲಾಖೆಯ ಕಮಿಷನರು ೧೮೪೮ರಲ್ಲಿ ಮಾಡಿದ ಅಂದಾಜಿನ ಮೇರೆಗೆ, ೧೮೧೬ರಿಂದ ಅಲ್ಲಿಯವರೆಗೆ ಉಗಿಹಡಗುಗಳಲ್ಲಿ ೨೩೩ ಸಿಡಿತಗಳಾಗಿ ೨,೫೬೩ ಜನರು ಸತ್ತು ೨,೦೯೭ ಜನರು ಗಾಯಗೊಂಡಿದ್ದರು. ೧೮೫೨ನೆಯ ಇಸವಿಯ ಮೊದಲ ಎಂಟು ತಿಂಗಳುಗಳಲ್ಲಿ ಏಳು ದುರಂತಗಳು ನಡೆದು ಸುಮಾರು ೭೦೦ ಜನರ ಪ್ರಾಣಹಾನಿಯಾಯಿತು. ಆಗ ಮಸಾಚುಸೆಟ್ಸಿನ ಸೆನೆಟರಾದ ಜಾನ್ ಡೇವಿಸನು ವಿವರವಾದ ಹೊಸ ಮಸೂದೆಯೊಂದನ್ನು ಮುಂದಿಟ್ಟನು.

ನ್ಯೂ ಜರ್ಸಿಯ ಸೆನೆಟರಾದ ರಾಬರ್ಟ್ ಸ್ಟಾಕ್ಟನನು ಇದನ್ನು ಎದುರಿಸಿದನು. ಇತ್ತೀಚಿನ ದುಃಖದ ಭರದಲ್ಲಿ ಸಭೆಯು ವಿವೇಕವನ್ನು ಕಳೆದುಕೊಳ್ಳಬಾರದು. ಒಬ್ಬನ ಸ್ವತ್ತನ್ನು ಅವನ ಕೈಯಿಂದ ತೆಗೆದು ಸರಕಾರದ ನೌಕರನ ಕೈಯಲ್ಲಿಟ್ಟ ಮೇಲೆ ಅದು ಅವನ ಸ್ವತ್ತು ಹೇಗಾದೀತು. ಇದೇ ದಾರಿಯಲ್ಲಿ ಮುಂದುವರಿದರೆ ಗಣರಾಜ್ಯದ ಪ್ರಜೆಗೂ ರಷ್ಯಾದ ಜೀತಗಾರನಿಗೂ ಭೇದವೇನು ಉಳಿದೀತು ಎಂಬುದು ಅವನ ವಾದದ ತಾತ್ಪರ್ಯ. ಇದನ್ನು ಹಡಗಿನ ಒಡೆಯರ ವಕಾಲತ್ತೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ದೊರೆಯ ಅಧಿಕಾರಿಗಳ ಕಾಟವನ್ನು ತೊಲಗಿಸಿ ರಾಜ್ಯವನ್ನು ಕಟ್ಟಿಕೊಂಡವರ ಮಕ್ಕಳಿಗೆ ಅಧಿಕಾರಿಯ ಮುದ್ರೆಯ ಮೇಲೆ ಸಂಶಯವು ಸಹಜ. ಒಂದು ಹಂಡೆಗೆ ಪರವಾನಗಿಯನ್ನು ಕೊಡಬಲ್ಲ ಸರಕಾರವು ನಾಳೆ ಮತ್ತೊಂದಕ್ಕೆ ಪರವಾನಗಿಯನ್ನು ತಡೆಯಬಲ್ಲುದೆಂಬ ಭಯವು ಪೊಳ್ಳಲ್ಲ. ಆದರೂ ವಿಧಿಯ ವಿನೋದವನ್ನು ನೋಡಿರಿ: ಎಂಟು ವರ್ಷಗಳ ಹಿಂದೆ, ೧೮೪೪ರ ಫೆಬ್ರವರಿಯಲ್ಲಿ, ಇದೇ ಸ್ಟಾಕ್ಟನನು ನಾಯಕನಾಗಿದ್ದ ‘ಪ್ರಿನ್ಸ್‌ಟನ್’ ಯುದ್ಧನೌಕೆಯ ಮೇಲೆ ದೊಡ್ಡ ತೋಪೊಂದು ಸಿಡಿದು ಇಬ್ಬರು ರಾಜ್ಯಕಾರ್ಯದರ್ಶಿಗಳೂ ಇತರರೂ ಮೃತರಾಗಿದ್ದರು. ಕಬ್ಬಿಣಕ್ಕೆ ಸಿದ್ಧಾಂತಗಳು ತಿಳಿಯವೆಂಬುದನ್ನು ಅವನಷ್ಟು ಹತ್ತಿರದಿಂದ ಕಂಡವರು ಆ ಸಭೆಯಲ್ಲಿ ಬಹುಶಃ ಇರಲಿಲ್ಲ.

ಡೇವಿಸನ ಪಕ್ಷದ ಉತ್ತರವು ಸರಳವಾದುದು. ಹಡಗು ಒಡೆಯನ ಸ್ವತ್ತು ಹೌದು. ಅದರ ಮೇಲೆ ಕುಳಿತವರ ಪ್ರಾಣವು ಅವನ ಸ್ವತ್ತಲ್ಲ. ಚೀಟಿಯನ್ನು ಕೊಂಡು ಹತ್ತುವ ಪ್ರಯಾಣಿಕನು ಹಂಡೆಯ ತಗಡನ್ನು ಬಡಿದು ನೋಡಲಾರನು, ನೋಡಿದರೂ ತಿಳಿಯಲಾರನು. ಅವನ ಪರವಾಗಿ ಬಲ್ಲವನೊಬ್ಬನು ನೋಡಬೇಕು. ೧೮೫೨ರ ಆಗಸ್ಟ್ ೩೦ರಂದು ಮಸೂದೆಯು ಶಾಸನವಾಯಿತು.

ಹಳೆಯ ಶಾಸನದ ಲೋಪಗಳನ್ನು ಇದು ಒಂದೊಂದಾಗಿ ತುಂಬಿತು. ಅಧ್ಯಕ್ಷನು ಸೆನೆಟಿನ ಒಪ್ಪಿಗೆಯಿಂದ ಒಂಬತ್ತು ಜನ ಮೇಲ್ವಿಚಾರಕ ಪರೀಕ್ಷಕರನ್ನು ನೇಮಿಸುವನು. ಅವರ ಕೈಕೆಳಗೆ ಊರೂರಿನ ಪರೀಕ್ಷಕರು. ಎಲ್ಲರಿಗೂ ಸರಕಾರದಿಂದಲೇ ಸಂಬಳ. ೪೨ ಅಂಗುಲ ಅಡ್ಡಳತೆಯ, ಕಾಲು ಅಂಗುಲ ದಪ್ಪದ ತಗಡಿನ ಹಂಡೆಯಲ್ಲಿ ಚದರ ಅಂಗುಲಕ್ಕೆ ೧೧೦ ಪೌಂಡುಗಳಿಗಿಂತ ಹೆಚ್ಚು ಒತ್ತಡವು ಕೂಡದು. ನೀರನ್ನು ಒತ್ತಿ ತುಂಬಿ, ಆ ಒತ್ತಡದ ಒಂದೂವರೆಪಾಲಿನಷ್ಟಕ್ಕೆ ಅದನ್ನು ಪರೀಕ್ಷಿಸಬೇಕು. ತಯಾರಕನು ತಗಡಿನ ಮೇಲೆ ತನ್ನ ಹೆಸರನ್ನು ಒತ್ತಬೇಕು. ಯಂತ್ರಜ್ಞನೂ ಚುಕ್ಕಾಣಿಯವನೂ ಪರವಾನಗಿಯನ್ನು ಪಡೆದಿರಬೇಕು. ತಪ್ಪಿದರೆ ಅದನ್ನು ಕಿತ್ತುಕೊಳ್ಳಬಹುದು.

ಅನಾಹುತಗಳು ಕಡಿಮೆಯಾದುವು, ನಿಲ್ಲಲಿಲ್ಲ. ೧೮೫೮ರ ಜೂನಿನಲ್ಲಿ ‘ಪೆನ್ಸಿಲ್ವೇನಿಯಾ’ ಎಂಬ ಹಡಗು ಮೆಂಫಿಸ್ಸಿನ ಕೆಳಗೆ ಸಿಡಿಯಿತು. ಮುಂದೆ ಮಾರ್ಕ್ ಟ್ವೇನ್ ಎಂಬ ಹೆಸರಿನಿಂದ ಪ್ರಖ್ಯಾತನಾದ ಗ್ರಂಥಕಾರನ ತಮ್ಮನಾದ ಹೆನ್ರಿಯು ಅದರಲ್ಲಿ ಬೆಂದು ಸತ್ತನು. ಕೆಲವೇ ದಿನಗಳ ಹಿಂದೆ ಅಣ್ಣನೂ ಅದೇ ಹಡಗಿನಲ್ಲಿದ್ದು, ಚುಕ್ಕಾಣಿಯವನೊಡನೆ ಜಗಳವಾಗಿ ಇಳಿದಿದ್ದನು. ಆ ದುಃಖವು ಅವನನ್ನು ಕೊನೆಯವರೆಗೂ ಬಿಡಲಿಲ್ಲ. ೧೮೬೫ರ ಏಪ್ರಿಲ್ ೨೭ರ ರಾತ್ರಿ ಅದೇ ಮೆಂಫಿಸ್ಸಿನ ಬಳಿ ‘ಸುಲ್ತಾನಾ’ವು ಸಿಡಿಯಿತು. ೩೭೬ ಜನರಿಗೆ ಮಾತ್ರ ಅನುಮತಿಯಿದ್ದ ಆ ಹಡಗಿನಲ್ಲಿ, ಅಂತರ್ಯುದ್ಧದ ಸೆರೆಯಿಂದ ಬಿಡುಗಡೆ ಹೊಂದಿ ಮನೆಗೆ ಹೊರಟಿದ್ದ ಸೈನಿಕರೇ ಹೆಚ್ಚಾಗಿ, ಎರಡು ಸಾವಿರಕ್ಕೂ ಮೇಲ್ಪಟ್ಟು ಜನರಿದ್ದರು. ಸತ್ತವರು ೧,೧೦೦ಕ್ಕೆ ಕಡಿಮೆಯಿಲ್ಲ. ಸೋರುತ್ತಿದ್ದ ಹಂಡೆಗೆ ಅವಸರದಲ್ಲಿ ತೇಪೆ ಹಾಕಲಾಗಿದ್ದಿತು; ಜನರನ್ನು ತುಂಬಿದವರು ಸೈನ್ಯದ ಅಧಿಕಾರಿಗಳು. ಸರಕಾರದ ಶಾಸನವನ್ನು ಸರಕಾರದ ಸೇವಕರೇ ಮುರಿದರು. ಕೊನೆಗೆ ಯಾರಿಗೂ ಶಿಕ್ಷೆಯಾಗಲಿಲ್ಲ. ೧೮೭೧ರಲ್ಲಿ ಶಾಸನವು ತಿದ್ದುಪಡಿಯಾಗಿ, ಅದುವರೆಗೆ ಹೊರಗುಳಿದಿದ್ದ ಸರಕಿನ ಹಡಗುಗಳೂ ಪರೀಕ್ಷೆಗೆ ಒಳಪಟ್ಟುವು. ೧೮೮೭ರಲ್ಲಿ ರೈಲುದಾರಿಗಳ ಮೇಲ್ವಿಚಾರಣೆಗೆ ಒಂದು ಆಯೋಗವು ಏರ್ಪಟ್ಟಿತು. ಆದರೆ ನೆಲದ ಮೇಲಣ ಕಾರಖಾನೆಗಳ ಹಂಡೆಗಳು ಆಯಾ ಸಂಸ್ಥಾನಗಳ ಪಾಲಿಗೆ ಉಳಿದುವು. ೧೯೦೫ರಲ್ಲಿ ಬ್ರಾಕ್ಟನ್ ಪಟ್ಟಣದ ಜೋಡಿನ ಕಾರಖಾನೆಯೊಂದರ ಹಂಡೆಯು ಸಿಡಿದು ೫೮ ಜನರು ಸತ್ತ ಮೇಲೆಯೇ ಮಸಾಚುಸೆಟ್ಸ್ ಸಂಸ್ಥಾನವು ೧೯೦೭ರಲ್ಲಿ ಕಟ್ಟುನಿಟ್ಟಾದ ನಿಯಮಗಳನ್ನು ಮಾಡಿತು. ಊರು ಕೊಳ್ಳೆ ಹೋದ ಮೇಲೆ ದಿಡ್ಡಿಬಾಗಿಲನ್ನು ಹಾಕುವುದು ಒಂದೇ ದೇಶದ ಸ್ವಭಾವವಲ್ಲ.

ಇನ್ನೊಂದು ಸಂಗತಿಯನ್ನೂ ಮರೆಯಲಾಗದು. ೧೯೦೪ರ ಜೂನ್ ೧೫ರಂದು ನ್ಯೂಯಾರ್ಕಿನಲ್ಲಿ ‘ಜನರಲ್ ಸ್ಲೋಕಮ್’ ಹಡಗಿಗೆ ಬೆಂಕಿ ಬಿದ್ದು ಸಾವಿರಕ್ಕೂ ಹೆಚ್ಚು ಜನರು, ಬಹುಮಟ್ಟಿಗೆ ಹೆಂಗಸರು ಮಕ್ಕಳು, ಮಡಿದರು. ಸುಮಾರು ಒಂದೂವರೆ ತಿಂಗಳ ಹಿಂದೆಯೇ ಸರಕಾರದ ಪರೀಕ್ಷಕನು ಆ ಹಡಗನ್ನು ನೋಡಿ ಒಪ್ಪಿಗೆಯನ್ನು ಕೊಟ್ಟಿದ್ದನು. ಅದರಲ್ಲಿದ್ದ ಪ್ರಾಣರಕ್ಷಕ ಅಂಗಿಗಳು ಕೈಯಲ್ಲಿ ಹಿಡಿದರೆ ಹರಿಯುವಷ್ಟು ಜೀರ್ಣವಾಗಿದ್ದುವು.

ಈ ದೀರ್ಘವೃತ್ತಾಂತದಿಂದ ಗ್ರಹಿಸಬೇಕಾದುದೇನು? ಫ್ರಾಂಕ್ಲಿನ್ ಸಂಸ್ಥೆಯ ವಿದ್ವಾಂಸರಲ್ಲಿ ಜ್ಞಾನವಿದ್ದಿತು, ಅಧಿಕಾರವಿರಲಿಲ್ಲ. ೧೮೩೮ರ ಶಾಸನದಲ್ಲಿ ಅಧಿಕಾರವಿದ್ದಿತು, ಜ್ಞಾನವಿರಲಿಲ್ಲ. ೧೮೫೨ರಲ್ಲಿ ಎರಡೂ ಕೂಡಿದುವು. ಆದುದರಿಂದ ಜನರು ಬದುಕಿದರು. ಸುಲ್ತಾನಾ, ಸ್ಲೋಕಮ್ ಹಡಗುಗಳ ಕಾಲಕ್ಕೆ ಅಧಿಕಾರವೂ ಜ್ಞಾನವೂ ಇದ್ದುವು. ಕಾಗದದ ಮೇಲೆ ರುಜು ಹಾಕುವವನ ಮನಸ್ಸಾಕ್ಷಿಯು ಮಲಗಿದ್ದಿತು. ಈ ಮೂರರಲ್ಲಿ ಒಂದು ತಪ್ಪಿದರೂ ಶಾಸನವು ಬರಿಯ ಮುದ್ರೆಯಾಗುವುದು. ಆಗ ಸ್ಟಾಕ್ಟನನ ಆಕ್ಷೇಪಕ್ಕೆ ಬಲ ಬರುವುದು. ಉಗಿಯ ಕಾಲವು ಮುಗಿದು ವಿದ್ಯುತ್ತು, ವಿಮಾನ, ಅಣುಶಕ್ತಿ, ಗಣಕಯಂತ್ರಗಳು ಒಂದರ ಹಿಂದೊಂದು ಬಂದಿವೆ. ಪ್ರತಿಯೊಂದು ಹೊಸ ಯಂತ್ರವು ಬಂದಾಗಲೂ ಆ ದೇಶದಲ್ಲಿ ಡೇವಿಸನ ಮಾತೂ ಸ್ಟಾಕ್ಟನನ ಮಾತೂ ಹೊಸ ಬಾಯಿಗಳಿಂದ ಕೇಳಿಬರುತ್ತಿವೆ. ವಾದವು ನಡೆಯಲಿ, ನಡೆಯಲೇಬೇಕು. ಆದರೆ ಮಿಸ್ಸಿಸ್ಸಿಪ್ಪಿಯ ಕೆಸರುನೀರಿನಲ್ಲಿ ಮುಳುಗಿದ ಆ ಸಾವಿರಾರು ಜನರನ್ನು ಎರಡು ಪಕ್ಷದವರೂ ಮರೆಯದಿರಲಿ.