ದಾರಿ ತೆರೆಯುವ ತಿಂಗಳು

ದೀಪಾವಳಿ ಮುಗಿದು ಕಾರ್ತಿಕ ಅರ್ಧ ದಾಟುವ ಹೊತ್ತಿಗೆ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳಲ್ಲಿ ಭಾನುವಾರದ ನಸುಕಿಗೆ ಬೇರೆಯೇ ಕಳೆ ಬರುತ್ತದೆ. ಬೆಳಕು ಹರಿಯುವ ಮೊದಲೇ ಬೈಕುಗಳು ಹೊರಡುತ್ತವೆ: ಕೆಲವು ಮುರಬಾಡ್ ರಸ್ತೆ ಹಿಡಿದು ಮಾಳಶೇಜ್ ಘಟ್ಟಕ್ಕೆ, ಕೆಲವು ಪನವೇಲ್ ದಾಟಿ ಖೋಪೋಲಿ, ಖಂಡಾಲಾಕ್ಕೆ, ಇನ್ನು ಕೆಲವು ಭಿವಂಡಿಯ ಗೋದಾಮುಗಳನ್ನು ಬಳಸಿಕೊಂಡು ಕಸಾರಾದ ಕಡೆಗೆ. ಅಷ್ಟು ದೂರ ಬೇಡವೆನ್ನುವ ಸೈಕಲ್ಲಿನವರಿಗೆ ಪಾಮ್ ಬೀಚ್ ರಸ್ತೆಯಿದೆ, ಯೇವೂರಿನ ಏರಿದೆ. ಯಾರಿಗೂ ತಲುಪಲೇಬೇಕಾದ ಊರೆಂಬುದಿಲ್ಲ. ಘಟ್ಟದ ತಲೆಯ ಮೇಲೆ ಒಂದು ಚಹಾ, ಒಂದು ತಟ್ಟೆ ಮಿಸಳ್, ಬಿಸಿಲೇರುವ ಮೊದಲು ಮನೆ. ಇದು ನಿನ್ನೆ ಮೊನ್ನೆ ಹುಟ್ಟಿದ ಶೋಕಿ, ಕಂತಿನ ಸಾಲ ಮತ್ತು ಕಂಪನಿಗಳ ಜಾಹೀರಾತು ಸೇರಿ ಕಲಿಸಿದ ಚಟ ಎನ್ನುವವರು ಬಹಳ. ಬೈಕು ಹೊಸದು ಎಂಬುದು ನಿಜ. ಆದರೆ ಈ ಹೊತ್ತು ಹೊಸದಲ್ಲ, ಈ ದಾರಿಗಳೂ ಹೊಸವಲ್ಲ. ಉತ್ತರ ಕೊಂಕಣದಲ್ಲಿ ಶರದೃತುವಿನ ಕೊನೆಯೆಂದರೆ ಎರಡು ಸಾವಿರ ವರ್ಷಗಳಿಂದಲೂ ದಾರಿ ತೆರೆದುಕೊಳ್ಳುವ ಕಾಲ. ಇಂದಿನ ಸವಾರ ಮಾಡುತ್ತಿರುವುದು ಆ ಹಳೆಯ ಪಂಚಾಂಗದಿಂದ ಅಗತ್ಯವನ್ನು ಕಳೆದು ಉಳಿದದ್ದನ್ನು ಅನುಭವಿಸುವುದು ಎಂಬುದು ನನ್ನ ವಾದ.

ಮೊದಲು ನೆಲದ ಸ್ಥಿತಿ ನೋಡೋಣ. ಥಾಣೆಯ ಸುತ್ತ ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ ಬೀಳುತ್ತದೆ. ಹೆಚ್ಚುಕಡಿಮೆ ಅಷ್ಟೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಸೇತುವೆಗಳಿಲ್ಲದ ಕಾಲದಲ್ಲಿ ಉಲ್ಹಾಸ, ಕಾಳು, ಭಾತಸಾ ನದಿಗಳು ತುಂಬಿದರೆ ಕಲ್ಯಾಣದಿಂದ ಘಟ್ಟದ ಬುಡದವರೆಗೆ ಎತ್ತು ಹೋಗಲಿ, ಮನುಷ್ಯ ಹೋಗುವುದೇ ಕಷ್ಟವಿತ್ತು. ಇದಕ್ಕೆ ಕಲ್ಲಿನ ಸಾಕ್ಷಿಯೇ ಇದೆ. ಥಾಣೆ ಮತ್ತು ಬೊರಿವಲಿಯ ನಡುವಿನ ಕಾಡಿನಲ್ಲಿರುವ ಕನ್ಹೇರಿಯ ನೂರಕ್ಕೂ ಮಿಕ್ಕ ಗುಹೆಗಳು ಬೌದ್ಧ ಭಿಕ್ಷುಗಳ ಮಳೆಗಾಲದ ತಂಗುದಾಣಗಳಾಗಿದ್ದವು. ವರ್ಷಾವಾಸ ಮಾಡುವವರಿಗೆ ಬಟ್ಟೆಗೆಂದು ಬಿಟ್ಟ ದತ್ತಿಗಳು ಅಲ್ಲಿನ ಶಾಸನಗಳಲ್ಲಿವೆ. ದಾನಿಗಳಲ್ಲಿ ಕಲ್ಯಾಣದ ವರ್ತಕರಿದ್ದಾರೆ. ಸಂಚಾರವೇ ಬದುಕಾದ ಇಬ್ಬರು, ಭಿಕ್ಷು ಮತ್ತು ವರ್ತಕ, ಒಂದೇ ಮಳೆಗೆ ಕಟ್ಟುಬಿದ್ದು ಒಂದೇ ಕಾಲದಲ್ಲಿ ಬಿಡುಗಡೆಯಾಗುತ್ತಿದ್ದರು. (ಕನ್ನಡ ಓದುಗರಿಗೆ ಇನ್ನೊಂದು ಆಪ್ತ ಸಂಗತಿ: ಇದೇ ಕನ್ಹೇರಿಯಲ್ಲಿ 9ನೇ ಶತಮಾನದ ಶಿಲಾಹಾರ ಮಾಂಡಲಿಕರ ಶಾಸನಗಳು ತಮ್ಮ ಒಡೆಯನೆಂದು ಹೆಸರಿಸುವುದು ಮಾನ್ಯಖೇಟದ ಅಮೋಘವರ್ಷ ನೃಪತುಂಗನನ್ನು.) ಕಲ್ಯಾಣದಿಂದ ಹೊರಟ ಸರಕು ಘಟ್ಟ ಹತ್ತುತ್ತಿದ್ದದ್ದು ನಾಣೇಘಾಟಿನಲ್ಲಿ. ಅಲ್ಲಿಂದ ಜುನ್ನರ್, ಮುಂದೆ ಸಾತವಾಹನರ ಪೈಠಣ. ರಾಣಿ ನಾಗನಿಕೆಯ ಶಾಸನ ಕೊರೆದ ಗುಹೆಯೂ, ಸುಂಕದ ಹಣ ಹಾಕುತ್ತಿದ್ದರೆಂದು ಜನ ತೋರಿಸುವ ಕಲ್ಲಿನ ಬಾನಿಯೂ ಇಂದಿಗೂ ಅಲ್ಲಿವೆ. ಕಲ್ಯಾಣವನ್ನು ಬಂದರೆಂದು ಹೆಸರಿಸುವ ಗ್ರೀಕ್ ನಾವಿಕ ಗ್ರಂಥ ‘ಪೆರಿಪ್ಲಸ್’ನ ಕಾಲದ ಹಡಗುಗಳ ಲೆಕ್ಕಾಚಾರವನ್ನೂ ಇದಕ್ಕೆ ಸೇರಿಸಿ ನೋಡಬೇಕು. ಅವು ನೈಋತ್ಯ ಮಾರುತದ ಬೆನ್ನೇರಿ ಮಳೆಗಾಲದ ಕೊನೆಗೆ ಈ ಕರಾವಳಿಗೆ ಬರುತ್ತಿದ್ದವು, ಡಿಸೆಂಬರ್ ಹೊತ್ತಿಗೆ ಈಶಾನ್ಯದ ಗಾಳಿ ಹಿಡಿದು ಮರಳುತ್ತಿದ್ದವು. ಅಂದಮೇಲೆ ದಖ್ಖನಿನ ಬಟ್ಟೆ, ಹತ್ತಿ ಘಟ್ಟ ಇಳಿದು ಬಂದರು ಸೇರಬೇಕಾದ ಗಡುವು ಎಲ್ಲಿ ಬೀಳುತ್ತದೆ? ಸರಿಯಾಗಿ ಆಶ್ವಯುಜ, ಕಾರ್ತಿಕಗಳಲ್ಲಿ. ಇಂದು ಬೈಕುಗಳು ಸಾಲುಗಟ್ಟುವ ವಾರಗಳೂ ಅವೇ.

ಮಧ್ಯಯುಗ ದಾಟಿ ಮರಾಠರ ಕಾಲಕ್ಕೆ ಬಂದರೂ ಪಂಚಾಂಗ ಬದಲಾಗಲಿಲ್ಲ. ದಸರೆಯ ದಿನ ಸೀಮೋಲ್ಲಂಘನ, ಆಮೇಲೆ ದಂಡಯಾತ್ರೆ. ಬೆಳಗಾವಿ, ವಿಜಯಪುರದ ಕಡೆ ಬನ್ನಿ ಕೊಟ್ಟು ಬಂಗಾರದಂತಿರೋಣ ಎನ್ನುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಯುಧದ ಪಕ್ಕದಲ್ಲಿ ವಾಹನಕ್ಕೂ ಹೂ ಮುಡಿಸುವ ನಮ್ಮ ರೂಢಿಯಲ್ಲಿ ಆ ಕಾಲದ ನೆನಪು ಎಷ್ಟಿದೆ ಎಂದು ಅಳೆಯುವುದು ಕಷ್ಟ. ಆದರೆ ಹೊರಡುವ ಮೊದಲು ಪೂಜೆ ಎಂಬ ಅನುಕ್ರಮವಂತೂ ಹಾಗೇ ಉಳಿದಿದೆ. ಇಂಗ್ಲಿಷರೂ ಇದೇ ಲೆಕ್ಕ ಕಲಿತರು. ಅವರು ಥಾಣೆಯ ಕೋಟೆಯನ್ನು ಮರಾಠರಿಂದ ಕಿತ್ತುಕೊಂಡದ್ದು 1774ರ ಡಿಸೆಂಬರ್‌ನಲ್ಲಿ. ಪುಣೆಯ ಮೇಲೆ ಹೊರಟ ಅವರ ಸೈನ್ಯ ಕೊಲ್ಲಿ ದಾಟಿ ಪನವೇಲಿನಲ್ಲಿ ಇಳಿದದ್ದು 1778ರ ನವೆಂಬರ್ ಕೊನೆಗೆ. ಖೋಪೋಲಿ, ಖಂಡಾಲಾ ನಡುವಿನ ಭೋರ್ ಘಾಟಿನಲ್ಲಿ ಎತ್ತು, ಬಂಡಿ, ತೋಪುಗಳೊಂದಿಗೆ ತೆವಳಿ ಮರುವರ್ಷದ ಜನವರಿಯಲ್ಲಿ ವಡಗಾಂವ್‌ನಲ್ಲಿ ಶರಣಾಯಿತು. ಸೋತದ್ದು ನಿಧಾನದಿಂದ, ಋತು ತಪ್ಪಿದ್ದರಿಂದಲ್ಲ. ಆ ಘಟ್ಟಕ್ಕೆ ಗಾಡಿ ಹತ್ತುವಂಥ ರಸ್ತೆ ಕಡಿಸಿ ಮುಂಬಯಿಯ ಗವರ್ನರ್ ಸರ್ ಜಾನ್ ಮಾಲ್ಕಮ್ ಅದನ್ನು ತೆರೆದದ್ದು 1830ರ ನವೆಂಬರ್ 10ರಂದು. ಅಲ್ಲಿಯವರೆಗೆ ಎತ್ತಿನ ಬೆನ್ನಿನ ಮೇಲಿದ್ದ ವ್ಯಾಪಾರ ಚಕ್ರದ ಮೇಲೆ ಬಂತು. ಕರಾವಳಿಯ ಉಪ್ಪನ್ನು ಮೇಲಕ್ಕೂ ಮೇಲಿನ ಧಾನ್ಯವನ್ನು ಕೆಳಕ್ಕೂ ಸಾಗಿಸುತ್ತಿದ್ದ ಲಂಬಾಣಿಗಳ ಹೇರೆತ್ತುಗಳ ಸಾಲು ಕ್ರಮೇಣ ಕರಗಿತು, ಹತ್ತಿಯ ಬಂಡಿಗಳು ಪನವೇಲಿಗೆ ಇಳಿಯತೊಡಗಿದವು. ಆದರೆ ಬಂಡಿಗೂ ಒಣ ನೆಲವೇ ಬೇಕು. ಸಮುದ್ರದ ಕಥೆಯೂ ಬೇರೆಯಲ್ಲ. ಮಂಗಳೂರು, ಮಲ್ಪೆಗಳಿಂದ ಹೊಟೇಲು ಕೆಲಸ ಹುಡುಕಿ ಮುಂಬಯಿಗೆ ಬರುತ್ತಿದ್ದ ತುಳು, ಕನ್ನಡ ಹುಡುಗರನ್ನು ಹೊತ್ತ ಹಡಗುಗಳು ಮಳೆಗಾಲದಲ್ಲಿ ನಿಂತು ಅದು ಕಳೆದ ಮೇಲೆಯೇ ಮತ್ತೆ ಹೊರಡುತ್ತಿದ್ದವು. ಇಂದು ಡೊಂಬಿವಲಿ, ಥಾಣೆಗಳಲ್ಲಿ ನೆಲೆಸಿರುವ ಎಷ್ಟೋ ಕನ್ನಡ ಮನೆತನಗಳ ಮುಂಬಯಿ ಅಧ್ಯಾಯ ಶುರುವಾದದ್ದು ಹೀಗೆ ಮಳೆ ಬಿಟ್ಟ ಮೇಲಿನ ಪಯಣದಿಂದ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಗಟ್ಟಿಯಾದದ್ದೇ. ವರ್ತಕ, ಸೈನಿಕ, ಲಂಬಾಣಿ ಇವರೆಲ್ಲ ಹೊಟ್ಟೆಪಾಡಿಗೆ ಅಥವಾ ಆಜ್ಞೆಗೆ ನಡೆದವರು. ಕಾರಣವಿಲ್ಲದೆ ಹೊರಡುವ ಸವಾರನಿಗೂ ಅವರಿಗೂ ಏನು ನಂಟು? ವಿಹಾರವೆಂಬುದು ಇಂಗ್ಲಿಷರ ಕೊಡುಗೆಯಲ್ಲವೇ, ಥಾಣೆಯ ಕಲೆಕ್ಟರ್ ಹ್ಯೂ ಮ್ಯಾಲೆಟ್ 1850ರಲ್ಲಿ ಮಾಥೇರಾನ್ ಗುಡ್ಡ ಹತ್ತಿದ ಮೇಲೆ ತಾನೇ ಈ ಭಾಗದಲ್ಲಿ ಗಿರಿಧಾಮದ ಗೀಳು ಹಬ್ಬಿದ್ದು? ಹಬ್ಬಿದ್ದು ಹೌದು. ಆದರೆ ಗಿರಿಧಾಮ ಮುಖ್ಯವಾಗಿ ಸೆಕೆಯಿಂದ ಓಡಿಹೋಗುವವರ ಏರ್ಪಾಡು, ಅದರ ಭರಾಟೆ ಬೇಸಿಗೆಗೆ. ಮೇಲಾಗಿ ಮಾಥೇರಾನಿಗೆ ಇವತ್ತಿಗೂ ಬೈಕಿಗೆ ಪ್ರವೇಶವಿಲ್ಲ. ನಮ್ಮ ಸವಾರನ ವಂಶಾವಳಿ ಬೇರೆ. ಅವನಿಗೆ ಬೇಕಾದದ್ದು ಮೂರು: ಬಿಡುವಿನ ದಿನ, ಸ್ವಂತ ಯಂತ್ರ, ಮತ್ತು ಆ ಯಂತ್ರವನ್ನು ದುಡಿಮೆಯಿಂದ ಬಿಡಿಸುವ ಇನ್ನೊಂದು ಸಾಧನ. ಬಿಡುವಿನ ದಿನ ತಾನಾಗಿ ಬರಲಿಲ್ಲ. ಥಾಣೆಯಲ್ಲೇ ಹುಟ್ಟಿದ ನಾರಾಯಣ ಮೇಘಾಜಿ ಲೋಖಂಡೆ ಮುಂಬಯಿಯ ಗಿರಣಿ ಕೆಲಸಗಾರರನ್ನು ಸಂಘಟಿಸಿ ಹೋರಾಡಿದ ಮೇಲೆ 1890ರಲ್ಲಿ ವಾರಕ್ಕೊಂದು ರಜೆ ಸಿಕ್ಕಿತು. ಯಂತ್ರದ ಕಥೆಗೆ ಕರ್ನಾಟಕದ ನಂಟಿದೆ. ಮುಂಬಯಿಯಲ್ಲಿ ಜಾವಾ ಬೈಕುಗಳನ್ನು ತರಿಸಿ ಮಾರುತ್ತಿದ್ದ ರುಸ್ತುಂ ಇರಾನಿ, ಫರೋಖ್ ಇರಾನಿಯವರು ಆಮದಿಗೆ ಬಾಗಿಲು ಮುಚ್ಚಿದಾಗ ಮೈಸೂರಿಗೆ ಹೋಗಿ ಐಡಿಯಲ್ ಜಾವಾ ಕಾರ್ಖಾನೆ ಹಾಕಿದರು. 1961ರಿಂದ ಅಲ್ಲಿ ಜಾವಾ, ಮುಂದೆ ಯೆಜ್ದಿ ತಯಾರಾಗಿ 1996ರವರೆಗೆ ದೇಶವೆಲ್ಲ ಓಡಿದವು. 1985ರಲ್ಲಿ ಹೀರೊ ಹೋಂಡಾ ಸಿಡಿ 100, ಯಮಹಾ ಆರ್‌ಎಕ್ಸ್ 100 ಬಂದ ಮೇಲೆ ಬೈಕು ಗುಮಾಸ್ತನ ಕೈಗೂ ಎಟುಕಿತು. ಮೂರನೆಯ ಸಾಧನ ಈ ಊರುಗಳದೇ ವಿಶೇಷ: ಲೋಕಲ್ ರೈಲು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ, ಮರುವರ್ಷ ಕಲ್ಯಾಣಕ್ಕೆ ಬಂದ ರೈಲು ದಿನದ ದೂರದ ಓಡಾಟವನ್ನೆಲ್ಲ ತನ್ನ ಮೇಲೆ ಹಾಕಿಕೊಂಡಿದೆ. ಬೆಂಗಳೂರಿನಲ್ಲಿ ಬೈಕು ವಾರದ ಆರು ದಿನ ಮಾಲೀಕನನ್ನು ಆಫೀಸಿಗೆ ಹೊರುತ್ತದೆ, ಏಳನೆಯ ದಿನ ಇಬ್ಬರಿಗೂ ಸುಸ್ತು. ಡೊಂಬಿವಲಿಯಲ್ಲಿ ಅದು ಸ್ಟೇಷನ್ನಿನವರೆಗೆ ಹೋಗಿ ನಿಲ್ಲುತ್ತದೆ. ದೂರದ ಸವಾರಿ ಎಂಬುದು ಅಲ್ಲಿ ದುಡಿಮೆಯ ಭಾಗವಾಗದೆ ಭಾನುವಾರಕ್ಕೆಂದೇ ಮೀಸಲಾಗಿ ಉಳಿಯಿತು. ರೈಲಿನ ನೂಕುನುಗ್ಗಲನ್ನು ಬೈಯುವವರು ಇದನ್ನೂ ಅದರ ಖಾತೆಗೆ ಜಮಾ ಮಾಡಬೇಕು.

ಅಗತ್ಯ ಕಳಚಿದರೂ ಋತು ಕಳಚಲಿಲ್ಲ ಎನ್ನುವುದಕ್ಕೆ ಒಂದು ಮಧ್ಯಂತರದ ಸಾಕ್ಷ್ಯವೂ ಸಿಗುತ್ತದೆ. ಮುಂಬಯಿಯ ಪಾರ್ಸಿ ತರುಣರಾದ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭುಮ್‌ಗಾರಾ ಸೈಕಲ್ ಮೇಲೆ ಜಗತ್ತು ಸುತ್ತಲು ಗೆಳೆಯರೊಂದಿಗೆ ಹೊರಟರು. ಯಾರ ಅಪ್ಪಣೆಯೂ ಇಲ್ಲದ, ಲಾಭದ ಲೆಕ್ಕವೂ ಇಲ್ಲದ ಪಯಣ ಅದು. ಹೊರಡುವ ದಿನ ಆರಿಸಿಕೊಳ್ಳಲು ವರ್ಷವಿಡೀ ಅವರದಾಗಿತ್ತು. ಹೊರಟದ್ದು 1923ರ ಅಕ್ಟೋಬರ್ 15ಕ್ಕೆ, ಮಳೆ ಹಿಂದೆ ಸರಿದ ಬೆನ್ನಿಗೆ.

ಇನ್ನೊಂದು ಆಕ್ಷೇಪ ಹೆಚ್ಚು ತುಂಟತನದ್ದು. ಮಾಳಶೇಜಿನಲ್ಲಿ ಜನ ಕಿಕ್ಕಿರಿಯುವುದು ಜುಲೈ, ಆಗಸ್ಟ್‌ನಲ್ಲಿ, ಜಲಪಾತ ಧುಮುಕುವಾಗ. ವಾರಕರಿಗಳ ಮಹಾನಡಿಗೆ ಆಷಾಢದಲ್ಲಿ. ಹಾಗಿರುವಾಗ ಮಳೆಗಾಲದಲ್ಲಿ ದಾರಿ ಮುಚ್ಚುತ್ತದೆ ಎನ್ನುವುದು ಪುಸ್ತಕದ ಮಾತಾಗುವುದಿಲ್ಲವೇ? ವಾರಿಯ ವಿಷಯ ಮೊದಲು. ಅದರ ಮುಖ್ಯ ಪಾಲಖಿಗಳು ಹೊರಡುವುದು ಆಳಂದಿ, ದೇಹುಗಳಿಂದ. ಪಂಢರಪುರದವರೆಗಿನ ಆ ದಾರಿಯೆಲ್ಲ ಸಹ್ಯಾದ್ರಿಯ ಮಳೆನೆರಳಿನಲ್ಲಿದೆ, ಅಲ್ಲಿನ ವರ್ಷದ ಮಳೆ ಕೊಂಕಣದ ಕಾಲುಭಾಗದ ಆಸುಪಾಸು. ಆಷಾಢದಲ್ಲಿ ನಡೆಯಬಹುದಾದ ನೆಲ ಅದು. ಕಲ್ಯಾಣದ ಗದ್ದೆಬಯಲು ಅಲ್ಲ. ಮಳೆಗಾಲದ ಘಟ್ಟಪ್ರವಾಸವಾದರೋ ಡಾಂಬರು ಕೊಟ್ಟ ಧೈರ್ಯ, ಮತ್ತು ಆ ಧೈರ್ಯಕ್ಕೆ ಆಧಾರ ಅಷ್ಟಕ್ಕಷ್ಟೆ. ಘಟ್ಟಗಳಲ್ಲಿ ದರೆ ಕುಸಿದು ದಾರಿ ಮುಚ್ಚುವುದು ಪ್ರತಿವರ್ಷದ ಸುದ್ದಿ. 2005ರ ಜುಲೈ 26ರ ಮಳೆಯಲ್ಲಿ ಉಲ್ಹಾಸ ನದಿ ಕಲ್ಯಾಣ್, ಬದಲಾಪುರಗಳನ್ನು ಮುಳುಗಿಸಿತು. 2016ರ ಆಗಸ್ಟ್‌ನಲ್ಲಿ ಮಹಾಡ್ ಬಳಿ ಸಾವಿತ್ರಿ ನದಿಯ ಹಳೆಯ ಸೇತುವೆಯೇ ಬಸ್ಸುಗಳ ಸಮೇತ ಕೊಚ್ಚಿಹೋಯಿತು. ಮಳೆಯ ಜನಸಂದಣಿ ಜಲಪಾತ ನೋಡಲು ಹೋಗುತ್ತದೆ, ಅದಕ್ಕೆ ದಾರಿ ಬರೀ ಸಾಧನ. ಕಾರ್ತಿಕದ ಸವಾರ ಹೋಗುವುದು ದಾರಿಗೋಸ್ಕರವೇ. ಹಾಗಾದರೆ ಬರೀ ತಂಪಿನ ಆಸೆ ಎಂದರಾಯಿತಲ್ಲ ಎನ್ನಬಹುದು. ತಂಪೇ ಕಾರಣವಾದರೆ ಜನವರಿ ಇನ್ನೂ ತಂಪು. ಕಾರ್ತಿಕದ ಹೆಚ್ಚುಗಾರಿಕೆ ಬೇರೆಲ್ಲೋ ಇದೆ: ಧೂಳು ಇನ್ನೂ ಎದ್ದಿಲ್ಲ, ಗುಡ್ಡದ ಹುಲ್ಲು ಹೊನ್ನಾಗುತ್ತಿದೆ, ಭತ್ತ ಕೊಯ್ದು ಬಯಲು ಬಿಚ್ಚಿಕೊಂಡಿದೆ, ಥಾಣೆ ಖಾರಿಗೆ ರಾಜಹಂಸಗಳು ಬರತೊಡಗಿವೆ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ರಸ್ತೆಯ ಹೊಂಡ ಮುಚ್ಚಿದೆ. ಡಾಂಬರು ಒದ್ದೆಯಲ್ಲಿ ಕೂರುವುದಿಲ್ಲ. ಮಳೆಗಾಲ ಬಂತೆಂದರೆ ರಸ್ತೆ ಕಾಮಗಾರಿ ನಿಲ್ಲುತ್ತದೆ, ಅಕ್ಟೋಬರ್‌ನಲ್ಲಿ ಮತ್ತೆ ಶುರುವಾಗುತ್ತದೆ. ಸಾತವಾಹನರ ಎತ್ತುಗಳಿಗೆ ಕಾಲ ನಿಗದಿ ಮಾಡಿದ ಅದೇ ಮಳೆ ಇಂದು ಪಾಲಿಕೆಯ ಕಂತ್ರಾಟುದಾರನಿಗೂ ಕಾಲ ನಿಗದಿ ಮಾಡುತ್ತಿದೆ.

ಈಚಿನ ಹೆದ್ದಾರಿಗಳು ನನ್ನ ವಾದಕ್ಕೆ ಅನಿರೀಕ್ಷಿತವಾದ ಬೆಂಬಲ ಕೊಟ್ಟಿವೆ. 2002ರಲ್ಲಿ ಪೂರ್ತಿಯಾದ ಮುಂಬಯಿ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ದ್ವಿಚಕ್ರಕ್ಕೆ ನಿಷೇಧ. 2024ರ ಜನವರಿಯಲ್ಲಿ ತೆರೆದ ಅಟಲ್ ಸೇತುವಿನಲ್ಲೂ ಹಾಗೇ. 2025ರ ಜೂನ್ 5ರಂದು ಇಗತ್ಪುರಿಯಿಂದ ಭಿವಂಡಿ ಬಳಿಯ ಆಮಣೆಯವರೆಗಿನ ಕೊನೆಯ ಹಂತ ತೆರೆದು ಪೂರ್ತಿಯಾದ 701 ಕಿಲೋಮೀಟರಿನ ಸಮೃದ್ಧಿ ಮಾರ್ಗದಲ್ಲೂ ಬೈಕಿಗೆ ಎಡೆಯಿಲ್ಲ. ಹೀಗೆ ಬೈಕಿನವನು ಮಾಲ್ಕಮ್ ಗಾಡಿ ಹತ್ತಿಸಿದ ಭೋರ್ ಘಾಟಿಗೇ, ಶಿಂಗ್ರೋಬಾನ ಗುಡಿಯ ಮುಂದಿನ ಹಳೆಯ ದಾರಿಗೇ ಮರಳಬೇಕಾಗಿದೆ. ಕಸಾರಾದಲ್ಲಿ ಹಳೆಯ ಆಗ್ರಾ ರಸ್ತೆಗೆ. ಘಟ್ಟದ ದಾರಿಯನ್ನು ಬಿಳಿಯ ಇಂಜಿನಿಯರರಿಗೆ ತೋರಿಸಿಕೊಟ್ಟನೆಂದು ಐತಿಹ್ಯವಿರುವ ಧನಗರ ಶಿಂಗ್ರೋಬಾನಿಗೆ ಇಂದು ಹೆಚ್ಚು ಸಿಗುವುದು ಲಾರಿಯವರ ಮತ್ತು ಬೈಕಿನವರ ಕಾಸು. ಸುರಕ್ಷತೆಗಾಗಿ ಮಾಡಿದ ನಿಷೇಧ, ಅದಿರಲಿ. ಅದರ ಪರಿಣಾಮ ಮಾತ್ರ ಇತಿಹಾಸದ ದೃಷ್ಟಿಯಿಂದ ಕುತೂಹಲದ್ದು. ಸುರಂಗ, ಮೇಲ್ಸೇತುವೆಗಳ ಹೊಸ ರಸ್ತೆಗಳಿಗೆ ಋತುವಿನ ಹಂಗು ಕಡಿಮೆ. ಋತುವಿರುವ ರಸ್ತೆಗಳು ಬಿಡುವಿರುವವರ ಪಾಲಿಗೆ ಬಂದಿವೆ.

ಇದರಲ್ಲಿ ಸವಾರರು ಹಿಗ್ಗುವಂಥದ್ದು ಎಷ್ಟಿದೆಯೋ ಎಚ್ಚರವಹಿಸುವಂಥದ್ದೂ ಅಷ್ಟೇ ಇದೆ. ದೊಡ್ಡ ಸರಕು, ಅದರ ಟೋಲು, ಅದರ ಹಿಂದಿನ ಒತ್ತಡ ಹೊಸ ಹೆದ್ದಾರಿಗೆ ಹೋದ ಮೇಲೆ ಹಳೆಯ ಘಟ್ಟದ ಕಲ್ಲುಗೋಡೆ, ಚರಂಡಿ, ತಿರುವಿನ ಕಟ್ಟೆಗಳಿಗೆ ಹಣ ಕೇಳುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ನಾಣೇಘಾಟ್ ಒಂದು ಕಾಲಕ್ಕೆ ಸುಂಕ ತುಂಬಿಸಿಕೊಳ್ಳುತ್ತಿದ್ದ ರಾಜಮಾರ್ಗ. ಇಂದು ವಾಹನಗಳೆಲ್ಲ ಪಕ್ಕದ ಮಾಳಶೇಜಿನಲ್ಲಿ ಹಾದುಹೋಗುತ್ತವೆ. ನಾಣೇಘಾಟಿನ ಬುಡದಲ್ಲಿ ಬೈಕು ನಿಲ್ಲಿಸಿ ಸಾತವಾಹನರ ಮೆಟ್ಟಿಲುಗಳನ್ನು ಕಾಲ್ನಡಿಗೆಯಲ್ಲೇ ಹತ್ತಬೇಕು.