ದೋಆಬಿನ ಹುಲಿಸೋಗು

ಮನುಷ್ಯನು ಕೆಲವು ಹೊತ್ತು ಮೃಗವಾಗಿ ವರ್ತಿಸಿ ಮತ್ತೆ ಮನುಷ್ಯನಾಗುವ ಆಟವು ಅನೇಕ ಜನಾಂಗಗಳಲ್ಲಿ ಕಂಡುಬರುತ್ತದೆ. ಕೃಷ್ಣೆ ತುಂಗಭದ್ರೆಗಳ ನಡುವಣ ರಾಯಚೂರು ದೋಆಬಿನಲ್ಲಿ ಈ ಆಟಕ್ಕೆ ಮೊಹರಮ್ಮೇ ಕಾಲ, ಹುಲಿಯೇ ಮುಖ್ಯ ರೂಪ. ಮಸರಕಲ್, ದೇವದುರ್ಗ, ಮಾನ್ವಿಗಳನ್ನೊಳಗೊಂಡ ಈ ಸೀಮೆಯ ಹುಲಿಸೋಗನ್ನು ಕುರಿತು ಆಗಾಗ ಕೇಳಿಬರುವ ಒಂದು ಅಭಿಪ್ರಾಯವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದು ಆದಿಮ ಮೃಗಾರಾಧನೆಯ ಅವಶೇಷವೆಂಬುದೇ ಆ ಅಭಿಪ್ರಾಯ. ಅದಕ್ಕೆ ಆಧಾರ ಸಾಲದೆಂದು ನಾವು ಭಾವಿಸುತ್ತೇವೆ.

ಮೊದಲು ಆಚರಣೆಯ ಸ್ವರೂಪವನ್ನು ನೋಡೋಣ. ಚಾಂದ್ರಮಾನದ ಮೊಹರಮ್ ತಿಂಗಳ ಮೊದಲ ಹತ್ತು ದಿನಗಳಲ್ಲಿ ಊರಿನ ಮಸೀದಿಯಲ್ಲಿ ಪಂಜಾಗಳನ್ನು ಕೂರಿಸುತ್ತಾರೆ. ಅವನ್ನು ಜನರು ಅಲಾಯಿ ದೇವರು, ಪೀರಲ ದೇವರು ಎಂದು ಕರೆಯುತ್ತಾರೆ. ಮುಂದೆ ಕುಣಿ ತೋಡಿ ಬೆಂಕಿ ಹಾಕಿ, ಹಲಗೆಯ ಬಡಿತಕ್ಕೆ ಸುತ್ತಲೂ ಹೆಜ್ಜೆ ಹಾಕುವುದುಂಟು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಮ್ಮು ಸುತ್ತಣ ಜಿಲ್ಲೆಗಳಿಂದ ಭಕ್ತರನ್ನು ಸೆಳೆಯುತ್ತದೆ. ಮುಸಲ್ಮಾನರ ಮನೆಯೊಂದೂ ಇಲ್ಲದ ಹಳ್ಳಿಗಳಲ್ಲಿಯೂ ಹಬ್ಬ ನಡೆಯುವುದೆಂಬುದು ಈ ಪ್ರಾಂತದವರಿಗೆ ಹೊಸ ಸಂಗತಿಯಲ್ಲ. ಮಗು ಕಾಯಿಲೆಯಿಂದೆದ್ದರೆ, ಅಥವಾ ಬಹುಕಾಲದ ಮೇಲೆ ಸಂತಾನವಾದರೆ, ಇಷ್ಟು ವರ್ಷ ಫಕೀರನನ್ನಾಗಿ ಮಾಡುತ್ತೇವೆ, ಇಲ್ಲವೆ ಹುಲಿಸೋಗು ಹಾಕಿಸುತ್ತೇವೆ ಎಂದು ತಾಯಿತಂದೆಗಳು ಹರಕೆ ಹೊರುತ್ತಾರೆ. ಹರಕೆ ಹೊತ್ತವರಲ್ಲಿ ಹಿಂದೂಗಳೂ ಮುಸಲ್ಮಾನರೂ ಇದ್ದಾರೆ. ಮೈಗೆಲ್ಲ ಹಳದಿ ಬಣ್ಣ, ಅದರ ಮೇಲೆ ಕಪ್ಪು ಪಟ್ಟೆ, ಹಿಂದೆ ಬಾಲ. ಹಲಗೆಯವರನ್ನು ಮುಂದಿಟ್ಟುಕೊಂಡು ಹುಲಿಯು ಮನೆಮನೆಗೆ ಹೋಗುತ್ತದೆ. ಕೆಲವೆಡೆ ಸೊಂಟಕ್ಕೆ ಹಗ್ಗ ಕಟ್ಟಿ ಇನ್ನೊಬ್ಬನು ಅದನ್ನು ಹಿಡಿದಿರುತ್ತಾನೆ. ಈ ಹಗ್ಗದ ವಿಚಾರವನ್ನು ಮುಂದೆ ಪ್ರಸ್ತಾಪಿಸುತ್ತೇವೆ.

ಇನ್ನು ಲಿಖಿತ ಆಧಾರ. ದಖ್ಖನಿನ ಮುಸಲ್ಮಾನರ ಆಚಾರಗಳನ್ನು ಜಾಫರ್ ಶರೀಫನು ವಿವರಿಸಿದ ‘ಕಾನೂನ್-ಎ-ಇಸ್ಲಾಮ್’ ಎಂಬ ಗ್ರಂಥವನ್ನು ಮದರಾಸಿನ ಸೇವೆಯಲ್ಲಿದ್ದ ವೈದ್ಯ ಹರ್ಕ್ಲಾಟ್ಸನು ಆಂಗ್ಲಭಾಷೆಗೆ ತಿರುಗಿಸಿ 1832ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದನು. ಮೊಹರಮ್ಮಿನಲ್ಲಿ ನಾನಾ ವೇಷ ತೊಡುವ ಫಕೀರರ ದೀರ್ಘವಾದ ಪಟ್ಟಿ ಅದರಲ್ಲಿದೆ. ಹುಲಿಯ ವೇಷವೂ ಅಲ್ಲಿ ಸೇರಿದೆ. ಅಂದರೆ ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿಯೇ ದಖ್ಖನಿನ ಹುಲಿಯು ಒಂಟಿಯಾಗಿರದೆ, ಹರಕೆಯ ಫಕೀರರ ಒಂದು ದೊಡ್ಡ ಪರಿವಾರದಲ್ಲಿ ಒಬ್ಬನಾಗಿತ್ತು. ಮೃಗಾರಾಧನೆಯ ಅವಶೇಷವೆನ್ನುವವರು ಪರಿವಾರವನ್ನು ಬಿಟ್ಟು ಹುಲಿಯನ್ನು ಮಾತ್ರ ಎತ್ತಿಕೊಳ್ಳುತ್ತಾರೆ. ಇದು ನ್ಯಾಯವಾದ ಕ್ರಮವಲ್ಲ.

ಎರಡನೆಯದಾಗಿ ಕಾಲಗಣನೆ. ಹಿಜರಿ ವರ್ಷಕ್ಕೆ ಸುಮಾರು 354 ದಿನಗಳು. ಅಧಿಕಮಾಸವಿಲ್ಲದ ಕಾರಣ ಮೊಹರಮ್ಮು ವರ್ಷವರ್ಷವೂ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿದು, ಸುಮಾರು ಮೂವತ್ತುಮೂರು ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿಬರುತ್ತದೆ. ಕರಾವಳಿಯ ಹುಲಿವೇಷದ ಸ್ಥಿತಿ ಬೇರೆ. ಅದು ಉಡುಪಿಯ ಅಷ್ಟಮಿಗೂ ಮಂಗಳೂರಿನ ನವರಾತ್ರಿಗೂ ಕಟ್ಟುಬಿದ್ದಿರುವುದರಿಂದ ಮಳೆಗಾಲದ ಕೊನೆಯನ್ನು ಬಿಟ್ಟು ಕದಲುವುದಿಲ್ಲ. ದೋಆಬಿನ ಹುಲಿಯಾದರೋ ಒಮ್ಮೆ ಜೋಳದ ಸುಗ್ಗಿಯಲ್ಲಿ, ಒಮ್ಮೆ ಬಿತ್ತನೆಯಲ್ಲಿ, ಒಮ್ಮೆ ನೆಲ ಕಾದ ಬೇಸಗೆಯಲ್ಲಿ ಕುಣಿಯುತ್ತದೆ. ಋತುವಿಗೆ ಸೇರಿದ ಬೆಳೆಯ ವಿಧಿಯೊಂದು ಋತುವನ್ನೇ ತೊರೆದು ಉಳಿದುಬಂದಿತೆನ್ನುವುದು ಕಷ್ಟ.

ಹಾಗಾದರೆ ಮೊಹರಮ್ಮಿಗೆ ಹುಲಿಯೇ ಏಕೆ? ಪ್ರವಾದಿಗಳ ಅಳಿಯ ಅಲಿಯವರಿಗೆ ‘ಅಸದುಲ್ಲಾ’ ಎಂಬ ಬಿರುದುಂಟು. ದೇವರ ಸಿಂಹ ಎಂದರ್ಥ. ಪಾರಸಿಯಲ್ಲಿ ಅದೇ ‘ಶೇರ್-ಎ-ಖುದಾ’. ಪಾರಸಿಯ ‘ಶೇರ್’ ಸಿಂಹವಾದರೆ, ಹಿಂದುಸ್ತಾನಿಯ ಬಳಕೆಯಲ್ಲಿ ಅದು ಹುಲಿಗೂ ಸಲ್ಲುತ್ತದೆ. ಸಿಂಹವಿಲ್ಲದ ದಖ್ಖನಿನಲ್ಲಿ ಅಲಿಯ ಸಿಂಹವು ಹುಲಿಯಾಯಿತೆಂದು ಊಹಿಸಲು ಅವಕಾಶವಿದೆ. ಇದು ಊಹೆಯೇ ಹೊರತು ಸಿದ್ಧಾಂತವಲ್ಲ. ಆದರೆ ದೋಆಬು 1530ರಿಂದಾಚೆಗೆ ಬಹುಕಾಲ ಬಿಜಾಪುರದ ಆದಿಲಶಾಹಿಗಳ ಕೈಯಲ್ಲಿದ್ದುದನ್ನೂ, ಆ ವಂಶದ ಕೆಲವು ಅರಸರು ಶಿಯಾ ಪಂಥವನ್ನು ರಾಜ್ಯದ ಪಂಥವಾಗಿ ಸಾರಿದ್ದುದನ್ನೂ ನೆನೆದರೆ ಈ ಊಹೆ ಅಸಂಗತವೆನಿಸುವುದಿಲ್ಲ.

ಈಗ ಹಗ್ಗದ ವಿಚಾರ. ಇದನ್ನು ವಿವರಿಸಲು ತೀರ ದೂರದ ಒಂದು ಉದಾಹರಣೆಯನ್ನು ತರುವುದಕ್ಕೆ ವಾಚಕರ ಅಪ್ಪಣೆ ಬೇಡುತ್ತೇವೆ. ಅಮೆರಿಕೆಯಲ್ಲಿ ಗೈಗ್ಯಾಕ್ಸ್ ಮತ್ತು ಆರ್ನೆಸನ್ ಎಂಬಿಬ್ಬರು ರಚಿಸಿ 1974ರಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಮೇಜಿನ ಆಟವಿದೆ. ಆಡುವವರು ಬಣ್ಣ ಬಳಿದುಕೊಳ್ಳುವುದಿಲ್ಲ. ಕುಳಿತಲ್ಲಿಯೇ ಮಾತಿನಿಂದ ಪಾತ್ರ ವಹಿಸುತ್ತಾರೆ, ದಾಳ ಹಾಕಿ ಫಲವನ್ನು ತಿಳಿಯುತ್ತಾರೆ. 1976ರಲ್ಲಿ ಅದಕ್ಕೆ ‘ಡ್ರೂಯಿಡ್’ ಎಂಬ ಪಾತ್ರವನ್ನು ಸೇರಿಸಿದರು. ಇವನು ವನದ ಪುರೋಹಿತ, ಮೃಗಪಕ್ಷಿಗಳ ರೂಪ ತಾಳಬಲ್ಲವನು. ಪ್ರಾಚೀನ ಗಾಲ್ ದೇಶದ ಡ್ರೂಯಿಡರನ್ನು ಕುರಿತು ಬರೆದ ಜೂಲಿಯಸ್ ಸೀಸರನು ಅವರ ವಿದ್ಯೆ, ನ್ಯಾಯದಾನ, ಆತ್ಮವು ಒಬ್ಬರಿಂದೊಬ್ಬರಿಗೆ ಸಾಗುವುದೆಂಬ ನಂಬಿಕೆ ಇವುಗಳನ್ನು ಹೇಳುತ್ತಾನೆ. ಅವರು ಮೃಗವಾಗುತ್ತಿದ್ದರೆಂದು ಹೇಳುವುದಿಲ್ಲ. ಆದುದರಿಂದ ಆಟದ ಡ್ರೂಯಿಡನನ್ನು ಚರಿತ್ರೆಯ ಡ್ರೂಯಿಡನೆಂದು ವಿದ್ಯಾರ್ಥಿಗಳು ಭ್ರಮಿಸಬಾರದು. ನಮಗೆ ಪ್ರಕೃತವಾದುದು ಆ ಆಟದ ನಿಯಮ. 1978ರ ನಿಯಮಗ್ರಂಥದಂತೆ ಡ್ರೂಯಿಡನು ಸಾಕಷ್ಟು ಮೇಲಿನ ಹಂತಕ್ಕೇರಿದ ಮೇಲೆಯೇ ರೂಪ ಬದಲಿಸಬಲ್ಲನು. ಅದೂ ದಿನಕ್ಕೆ ಮೂರು ಸಲ, ಸರೀಸೃಪವಾಗಿ ಒಮ್ಮೆ, ಪಕ್ಷಿಯಾಗಿ ಒಮ್ಮೆ, ಸಸ್ತನಿಯಾಗಿ ಒಮ್ಮೆ. ಈ ಮಿತಿ ಮೀರದಂತೆ ನೋಡಿಕೊಳ್ಳಲು ಮೇಜಿನ ತಲೆಯಲ್ಲಿ ಆಟದ ಯಜಮಾನನೊಬ್ಬನಿರುತ್ತಾನೆ.

ನಮ್ಮ ನಾಡಿನ ಕಥೆಯೊಂದು ಇದನ್ನೇ ಇನ್ನೂ ಕರುಣವಾಗಿ ಹೇಳುತ್ತದೆ. ಎ. ಕೆ. ರಾಮಾನುಜನ್ನರು ಕನ್ನಡದಲ್ಲಿ ಸಂಗ್ರಹಿಸಿದ, ಅವರ ಮರಣಾನಂತರ 1997ರಲ್ಲಿ ಹೊರಬಂದ ಆಂಗ್ಲ ಸಂಕಲನಕ್ಕೆ ಹೆಸರನ್ನಿತ್ತ ಕಥೆಯಲ್ಲಿ ಹುಡುಗಿಯೊಬ್ಬಳು ಹೂವಿನ ಮರವಾಗುತ್ತಾಳೆ. ಒಂದು ತಂಬಿಗೆ ನೀರು ಸುರಿದರೆ ಮರ, ಇನ್ನೊಂದು ತಂಬಿಗೆ ಸುರಿದರೆ ಮತ್ತೆ ಹುಡುಗಿ. ನಡುವೆ ಹೂವನ್ನು ಜೋಪಾನವಾಗಿ ಬಿಡಿಸಬೇಕು, ಕೊಂಬೆ ಮುರಿಯಬಾರದು. ನಾದಿನಿಯ ಸಂಗಡಿಗರು ಕೊಂಬೆ ಮುರಿದು, ನೀರನ್ನು ಅಡ್ಡಾದಿಡ್ಡಿಯಾಗಿ ಚೆಲ್ಲಿ ಹೋದುದರಿಂದ ಅವಳು ಅರೆದೇಹವಾಗಿ ಉಳಿಯುತ್ತಾಳೆ. ರೂಪ ಬದಲಿಸುವವಳ ಕ್ಷೇಮವು ಅವಳ ಶಕ್ತಿಯಲ್ಲಿಲ್ಲ, ತಂಬಿಗೆ ಹಿಡಿದವರ ಕೈಯಲ್ಲಿದೆ.

ಹುಲಿಸೋಗಿನ ಹಗ್ಗವನ್ನು ನಾವು ಈ ದೃಷ್ಟಿಯಿಂದ ನೋಡುತ್ತೇವೆ. ಹುಲಿಯು ಮೇಲೆ ಬೀಳುವಂತೆ ಹಾರುತ್ತದೆ, ಮಕ್ಕಳು ಕಿರಿಚಿ ಓಡುತ್ತಾರೆ, ಹಗ್ಗದವನು ಜಗ್ಗುತ್ತಾನೆ; ಮೂವರೂ ಸೇರಿದರೇ ಆಟ. ತುಳುನಾಡಿನ ಪಿಲಿಚಾಮುಂಡಿಯ ಕೋಲದಲ್ಲಿ ದೈವವು ಪಾತ್ರಿಯ ಮೈಮೇಲೆ ಬಂದು ನುಡಿ ಕೊಡುತ್ತದೆ. ದೋಆಬಿನ ಹುಲಿ ನುಡಿ ಕೊಡುವುದಿಲ್ಲ. ತನ್ನ ತಾಯಿತಂದೆ ಕೊಟ್ಟ ಮಾತನ್ನು ತೀರಿಸುತ್ತದೆ. ಒಂದು ಆವೇಶ, ಇನ್ನೊಂದು ಋಣ. ಎರಡನ್ನೂ ಮೃಗಾರಾಧನೆಯೆಂಬ ಒಂದೇ ಚೀಲಕ್ಕೆ ತುಂಬಿದರೆ ತಿಳಿಯುವುದೇನೂ ಇಲ್ಲ.

ಈ ವಿವೇಚನೆ ಬರಿಯ ಪಂಡಿತರ ಜಗಳವಲ್ಲ. ಸೋಗು ಹಾಕುವುದು ಶೋಕದ ದಿನಗಳಿಗೂ ಧರ್ಮಕ್ಕೂ ಒಪ್ಪದೆಂದು ಒಂದು ಕಡೆಯ ಸುಧಾರಕರು ಹೇಳುತ್ತಾರೆ. ಇದು ನಮ್ಮ ಹಬ್ಬವಲ್ಲವೆಂದು ಇನ್ನೊಂದು ಕಡೆಯವರು ಹೇಳುತ್ತಾರೆ. ಹುಲಿಯನ್ನು ಪ್ರಾಚೀನ ಅವಶೇಷವೆಂದು ಕರೆಯುವ ವಿದ್ವಾಂಸನು ತನಗರಿವಿಲ್ಲದೆಯೇ ಇಬ್ಬರಿಗೂ ನೆರವಾಗುತ್ತಾನೆ, ಏಕೆಂದರೆ ಅವಶೇಷಕ್ಕೆ ವಾರಸುದಾರರಿರುವುದಿಲ್ಲ. ಹರಕೆಗೆ ಇರುತ್ತಾರೆ. ಯಾರ ಮಗು, ಯಾವ ಕಾಯಿಲೆ, ಎಷ್ಟು ವರ್ಷ, ಹಗ್ಗ ಹಿಡಿದವರಾರು ಎಂಬುದು ಆಯಾ ಮನೆಯವರಿಗೆ ಗೊತ್ತು.

ಈ ಮೌಖಿಕ ಸಾಕ್ಷ್ಯಕ್ಕೆ ತಾರೀಖಿಲ್ಲವೆಂದು ಕೈಬಿಡಬೇಕಾಗಿಲ್ಲ. ಹಬ್ಬವು ಋತುಗಳಲ್ಲಿ ಸುತ್ತುವುದೇ ಇಲ್ಲಿ ನಮಗೆ ಸಹಾಯಕ. ಪೊಲೀಸು ಕಾರ್ಯಾಚರಣೆ ಮುಗಿದ ಮೊದಲ ಮೊಹರಮ್ಮಿನಲ್ಲಿ ಹುಲಿಯಾದೆನೆಂದು ಹಿರಿಯರು ಹೇಳಿದರೆ ಅದು 1948ರ ನವೆಂಬರು. ನೆಲ ಸುಟ್ಟು ಅಂಗಾಲು ಊರಲಾಗುತ್ತಿರಲಿಲ್ಲ, ಹಗ್ಗದವನು ನೆರಳಿನಿಂದ ನೆರಳಿಗೆ ನಡೆಸಿದನು ಎಂದರೆ ಏಪ್ರಿಲ್ ತಿಂಗಳಲ್ಲಿ ಹಬ್ಬ ಬಂದ 1934, 1967, 1999ರ ಆಸುಪಾಸಿನ ವರ್ಷಗಳನ್ನು ನೋಡಬೇಕು. ಹೇಳುವವರ ವಯಸ್ಸನ್ನು ಕೇಳಿದರೆ ಇವುಗಳಲ್ಲಿ ಯಾವುದೆಂಬುದು ನಿಶ್ಚಯವಾಗುತ್ತದೆ.