ಲಿಂಕ್ ತುಂಬ ಶೇಕಡಾ ಚಿಹ್ನೆಗಳಿದ್ದರೆ ಅದು ವೈರಸ್ಸೇ?

ಕನ್ನಡ ಲೇಖನವೊಂದರ ಲಿಂಕ್ ಅನ್ನು ವಾಟ್ಸಾಪ್ ಗುಂಪಿಗೆ ಹಾಕಿದಾಗ ಕೆಲವೊಮ್ಮೆ ಪರದೆ ತುಂಬ ಶೇಕಡಾ ಚಿಹ್ನೆ, ಇಂಗ್ಲಿಷ್ ಅಕ್ಷರ, ಅಂಕಿಗಳ ಉದ್ದನೆಯ ಸಾಲು ಕಾಣಿಸುತ್ತದೆ. ಅದನ್ನು ನೋಡಿ "ವೈರಸ್ ಇರಬೇಕು, ಒತ್ತಬೇಡಿ" ಎನ್ನುವವರಿದ್ದಾರೆ. ಹೀಗೆ ಒಳ್ಳೆಯ ಮಾಹಿತಿಯೂ ಓದುಗರನ್ನು ತಲುಪದೆ ಹೋಗುತ್ತದೆ. ನಿಜ ಏನೆಂದು ನೋಡೋಣ.

ಆ ಸಾಲು ಕನ್ನಡವೇ

ವೆಬ್ ವಿಳಾಸದಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಕೆಲವೇ ಚಿಹ್ನೆಗಳು ನೇರವಾಗಿ ಹೋಗುತ್ತವೆ. ಕನ್ನಡವನ್ನು ಸಂಕೇತಕ್ಕೆ ಬದಲಿಸಿಯೇ ಕಳುಹಿಸಬೇಕು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು. ವಿಳಾಸದಲ್ಲಿ ಪ್ರತಿ ಬೈಟ್ 3 ಜಾಗ ಹಿಡಿಯುತ್ತದೆ. ಹಾಗಾಗಿ 'ಜ' ಎಂಬುದು ಇಂಗ್ಲಿಷ್ ಅಕ್ಷರಗಳಲ್ಲಿ '%ಇ0%ಬಿ2%9ಸಿ' ಆಗುತ್ತದೆ, ಅಂದರೆ 9 ಜಾಗ.

ಬೆಂಗಳೂರಿನ 'ಜ್ಞಾನಭಾರತಿ' ಹೆಸರನ್ನೇ ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ 5 ಅಕ್ಷರ. ಒತ್ತು, ಕೊಂಬು, ದೀರ್ಘಗಳನ್ನು ಬಿಡಿಸಿ ಎಣಿಸುವ ಕಂಪ್ಯೂಟರಿಗೆ ಇದರಲ್ಲಿ 10 ಚಿಹ್ನೆಗಳಿವೆ. ವಿಳಾಸದಲ್ಲಿ ಇದು 90 ಜಾಗ!

ಕೊನೆಯ ಅಕ್ಷರ ಎಲ್ಲಿ ಹೋಯಿತು?

ಅನೇಕ ಜಾಲತಾಣಗಳು ವರ್ಡ್‌ಪ್ರೆಸ್ ಎಂಬ ತಂತ್ರಾಂಶದ ಮೇಲೆ ನಡೆಯುತ್ತವೆ. ಅದು ಲೇಖನದ ಶೀರ್ಷಿಕೆಯಿಂದಲೇ ವಿಳಾಸ ತಯಾರಿಸುತ್ತದೆ, ಆದರೆ ಅದಕ್ಕೆ 200 ಜಾಗದ ಮಿತಿ ಇದೆ. ಇಂಗ್ಲಿಷ್ ಶೀರ್ಷಿಕೆಗೆ ಇದು ಧಾರಾಳ. ಕನ್ನಡಕ್ಕೆ ಸುಮಾರು 22 ಚಿಹ್ನೆ ಅಷ್ಟೇ. 'ಜ್ಞಾನಭಾರತಿ ಮೆಟ್ರೋ ನಿಲ್ದಾಣ' ಎಂಬ ಮೂರೇ ಪದದ ಶೀರ್ಷಿಕೆ ಕೊಟ್ಟರೆ ವಿಳಾಸ 'ನಿಲ್ದಾ' ಎಂಬಲ್ಲಿಗೆ ನಿಲ್ಲುತ್ತದೆ, 'ಣ' ಬಿದ್ದುಹೋಗುತ್ತದೆ. ಲಿಂಕ್ ಕೆಲಸ ಮಾಡುತ್ತದೆ, ಹೆಸರು ಮಾತ್ರ ಅರ್ಧ.

ಪ್ಲಗಿನ್ ಏನು ಮಾಡಬಲ್ಲದು?

ಜಾಲತಾಣ ನಡೆಸುವವರಿಗೆ ಸುಲಭದ ದಾರಿ ಒಂದಿದೆ: ಲೇಖನ ಪ್ರಕಟಿಸುವ ಮೊದಲು ವಿಳಾಸದ ಭಾಗವನ್ನು ಕೈಯಾರೆ ಚಿಕ್ಕದಾಗಿ ಬರೆಯುವುದು. ದಿನಾ ಹತ್ತಾರು ಲೇಖನ ಹಾಕುವವರಿಗೆ ಪ್ಲಗಿನ್ ಅನುಕೂಲ.

ಪ್ಲಗಿನ್ ಎಂದರೆ ಮೂಲ ತಂತ್ರಾಂಶವನ್ನು ಮುಟ್ಟದೆ ಹೊರಗಿನಿಂದ ಜೋಡಿಸುವ ತುಣುಕು. ವರ್ಡ್‌ಪ್ರೆಸ್ ತನ್ನ ಕೆಲಸದ ನಡುವೆ ಅಲ್ಲಲ್ಲಿ 'ಹುಕ್' ಎಂಬ ಕೊಂಡಿಗಳನ್ನು ಬಿಟ್ಟಿದೆ. ಶೀರ್ಷಿಕೆ ವಿಳಾಸವಾಗುವ ಜಾಗದಲ್ಲೂ ಒಂದು ಕೊಂಡಿ ಇದೆ. ಅಲ್ಲಿ ನಮ್ಮ ತುಣುಕನ್ನು ಸಿಕ್ಕಿಸಿ 'ಕನ್ನಡ ಅಕ್ಷರ ಬಂದರೆ ಇಂಗ್ಲಿಷ್ ಲಿಪಿಗೆ ಬದಲಿಸು' ಎಂದು ಹೇಳಿದರೆ ಸಾಕು.

ಎಚ್ಚರ ಬೇಕಾದ ಜಾಗಗಳು:

• ಹಳೆಯ ಲಿಂಕ್ ಸಾಯಬಾರದು. ಅದೇ ಕೊಂಡಿ ಲೇಖನ ಉಳಿಸುವಾಗಲೂ, ಓದುಗರು ಲಿಂಕ್ ತೆರೆದಾಗ ಲೇಖನ ಹುಡುಕುವಾಗಲೂ ಓಡುತ್ತದೆ. ಎರಡೂ ಕಡೆ ಲಿಪಿ ಬದಲಿಸಿದರೆ ಹಿಂದೆ ಹಂಚಿದ ಕನ್ನಡ ಲಿಂಕ್‌ಗಳು 'ಪುಟ ಸಿಗಲಿಲ್ಲ' ಎನ್ನುತ್ತವೆ. ಉಳಿಸುವಾಗ ಮಾತ್ರ ಬದಲಿಸುವಂತೆ ಬರೆಯಬೇಕು.
• ಬೇರೆಯವರ ಪ್ಲಗಿನ್ ಒಳಗೆ ತಿದ್ದಬೇಡಿ. ಮುಂದಿನ ಅಪ್‌ಡೇಟ್ ಬಂದಾಗ ನಿಮ್ಮ ತಿದ್ದುಪಡಿ ಅಳಿಸಿಹೋಗುತ್ತದೆ. ಬದಲಾವಣೆಗೆ ನಿಮ್ಮದೇ ಪುಟ್ಟ ಪ್ಲಗಿನ್ ಬರೆಯಿರಿ, ಮೊದಲು ಜಾಲತಾಣದ ನಕಲಿನಲ್ಲಿ ಪರೀಕ್ಷಿಸಿ.
• 'ದುಡ್ಡಿನ ಪ್ಲಗಿನ್ ಪುಕ್ಕಟೆ' ಎಂಬ ಫಾರ್ವರ್ಡ್ ನಂಬಬೇಡಿ. 'ಡಬ್ಲ್ಯೂಪಿ-ವಿಸಿಡಿ' ಎಂಬ ಮಾಲ್‌ವೇರ್ ಹರಡಿದ್ದು ಇಂಥ ಕದ್ದ ಪ್ಲಗಿನ್ ಮತ್ತು ಥೀಮ್‌ಗಳಿಂದಲೇ.

ಹಾಗಾದರೆ ಲಿಂಕ್ ಒತ್ತಬಹುದೇ?

ಶೇಕಡಾ ಚಿಹ್ನೆಗಳನ್ನು ನೋಡಿ ಹೆದರಬೇಕಿಲ್ಲ. ಅವು ಇವೆ ಎಂದ ಮಾತ್ರಕ್ಕೆ ಲಿಂಕ್ ಸುರಕ್ಷಿತವೂ ಅಲ್ಲ. ನೋಡಬೇಕಾದ್ದು ಆರಂಭದ ಎರಡು ಓರೆಗೆರೆಗಳ ನಂತರ, ಮುಂದಿನ ಓರೆಗೆರೆಯ ತನಕ ಇರುವ ಜಾಲತಾಣದ ಹೆಸರನ್ನು. ಅದರಲ್ಲೂ ಕೊನೆಯ ಭಾಗ ಮುಖ್ಯ: ಬ್ಯಾಂಕಿನ ಹೆಸರು ಮೊದಲಿಗಿದ್ದು, ಚುಕ್ಕಿಗಳ ನಂತರ ಗೊತ್ತಿಲ್ಲದ ಹೆಸರಿದ್ದರೆ ಅದು ಬ್ಯಾಂಕಿನದಲ್ಲ.

ಒಟ್ಟಿನಲ್ಲಿ: ಲಿಂಕ್‌ನಲ್ಲಿ 'ಇ0' ನಂತರ 'ಬಿ2' ಅಥವಾ 'ಬಿ3' ಮತ್ತೆ ಮತ್ತೆ ಬಂದರೆ ಅದು ಕನ್ನಡದ ಅಕ್ಷರಗಳ ಸಂಕೇತ, ವೈರಸ್ ಅಲ್ಲ. ಜಾಲತಾಣದ ಹೆಸರು ಪರಿಚಿತವಾಗಿದ್ದರೆ ಓದಿ, ವಿಷಯ ಸರಿ ಎನಿಸಿದರೆ ಹಂಚಿ.